ಮರಿ ಕೂರಲ್ಲ ಅಂತ ಮಾತ್ರೆ ಕೊಡಬೇಡಿ

ಪ್ರಶ್ನೆ: ನಮ್ಮ ಮುಧೋಳ ಮರಿಗೆ ಎಂಟು ತಿಂಗಳು. ಒಂದು ಗಳಿಗೆ ಸುಮ್ನೆ ಕೂರಲ್ಲ. ಫೋಟೊ ತೆಗೆದರೆ ಬರೀ ಮಸುಕು. ಮರಿ ಮಾರಿದವರು ‘ಅರ್ಧ ಅಲರ್ಜಿ ಮಾತ್ರೆ ಕೊಡಿ, ತೆಪ್ಪಗಿರುತ್ತೆ’ ಅಂದರು. ಕೊಡಬಹುದಾ? (ದಾವಣಗೆರೆಯ ಓದುಗರು)

ಕೊಡಬೇಡಿ. ಪ್ರತಿ ಸಲ ಯಾರಾದರೂ ಇದನ್ನೇ ಕೇಳುತ್ತಾರೆ, ಪ್ರತಿ ಸಲ ಸಿಟ್ಟು ಬರುತ್ತೆ. ಮರಿ ಮಾರುವವರು ಡಾಕ್ಟರಲ್ಲ. ಮುಧೋಳದಂಥ, ಮೈಯಲ್ಲಿ ಕೊಬ್ಬೇ ಇಲ್ಲದ ಬೇಟೆನಾಯಿಗಳಿಗೆ ಮಂಪರಿನ ಔಷಧಿ ಕೊಡುವಾಗ ಪಶುವೈದ್ಯರೇ ಹತ್ತು ಸಲ ಯೋಚಿಸುತ್ತಾರೆ. ಇನ್ನು ಫೋಟೊ ಮಾತು. ಮಂಪರು ಹತ್ತಿದ ನಾಯಿಯ ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆಯೊಂದು ಮೇಲೆ ಬರುತ್ತೆ. ಕಿವಿ ಜೋತು ಬೀಳುತ್ತೆ. ಆ ಫೋಟೊ ನಿಮಗೆ ಬೇಕಾ?

ಮುಧೋಳ ಓಡುವ ತಳಿ. ಎಂಟು ತಿಂಗಳಿಗೆ ಅದು ಕೂರಬೇಕಾಗೂ ಇಲ್ಲ, ಓಡುವಾಗಲೇ ತೆಗೆಯಿರಿ. ತಯಾರಾಗಬೇಕಾದವರು ನೀವು.

ಒಂದು ವಾರ ಮೊದಲೇ ಕ್ಯಾಮೆರಾ ನೆಲದ ಮೇಲಿಡಿ, ಮೂಸಲಿ. ಒಂದು ಸಲ ಕ್ಲಿಕ್ ಮಾಡಿ, ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರು ಕೊಡಿ. ಉಪ್ಪು, ಮಸಾಲೆ, ಮೂಳೆ ಬೇಡ. ದಿನಾ ಹೀಗೆ ಮಾಡಿದರೆ ಕ್ಲಿಕ್ ಸದ್ದಿಗೇ ಕಿವಿ ನಿಮಿರುತ್ತೆ. ಈ ಕೆಲಸ ಬಿಟ್ಟು, ಆ ದಿನ ದಿಢೀರನೆ ಮುಖಕ್ಕೆ ಲೆನ್ಸ್ ಹಿಡಿದರೆ ಮರಿ ಮುಖ ತಿರುಗಿಸದೆ ಇನ್ನೇನು ಮಾಡುತ್ತೆ?

ಫೋಟೊ ದಿನ ಬೆಳಗಿನ ತಿಂಡಿಯನ್ನು ಫೋಟೊ ಮುಗಿದ ಮೇಲೆ ಹಾಕಿ. ಹಸಿದ ಮರಿ ಕೋಳಿ ಚೂರಿಗೆ ಮಾತು ಕೇಳುತ್ತೆ ಅನ್ನುವುದು ಒಂದು. ದೊಡ್ಡ ಕಾರಣ ಬೇರೆ ಇದೆ. ಇಂಥ ಆಳ ಎದೆಯ ನಾಯಿಗಳು ಹೊಟ್ಟೆ ತುಂಬ ತಿಂದು ಓಡಿದರೆ ಜಠರ ಉಬ್ಬಿ ತಿರುಚಿಕೊಳ್ಳುವ ಭಯ ಇರುತ್ತೆ, ಅದರಲ್ಲಿ ಜೀವವೇ ಹೋಗಬಹುದು. ಮೊದಲು ಇಪ್ಪತ್ತು ನಿಮಿಷ ಮೂಸುತ್ತಾ ಅಡ್ಡಾಡಲಿ, ಒಂದು ಎರಡು ಮುಗಿಯಲಿ. ಸುಸ್ತು ಮಾಡಿಸಬೇಕು ಅಂತ ಬೈಕ್ ಹಿಂದೆ ಓಡಿಸುವವರಿದ್ದಾರೆ. ದಯವಿಟ್ಟು ಬೇಡ, ಮೂಳೆ ಇನ್ನೂ ಬೆಳೆಯುತ್ತಿರುತ್ತೆ.

ಜಾಗ ಕಾಂಪೌಂಡ್ ಒಳಗೇ ಇರಲಿ, ಗೇಟಿಗೆ ಚಿಲಕ ಹಾಕಿ. ದೂರದಲ್ಲಿ ಮೇಕೆ ಕಂಡರೆ ಸಾಕು, ನಿಮ್ಮ ಕೂಗು ಅದರ ಕಿವಿಗೆ ಬೀಳಲ್ಲ. ಬಯಲೇ ಬೇಕು ಅಂದರೆ ಎದೆಪಟ್ಟಿಗೆ ಉದ್ದ ಹಗ್ಗ ಕಟ್ಟಿ. ಹಗ್ಗವನ್ನು ಫೋಟೊದಿಂದ ಆಮೇಲೆ ಅಳಿಸಬಹುದು, ರಸ್ತೆಗೆ ಓಡಿದ ಮರಿಯನ್ನು ವಾಪಸ್ ತರೋಕಾಗಲ್ಲ.

ಕೀಚ್ ಅನ್ನುವ ಆಟಿಕೆ ಎರಡು ಮೂರು ಸಲ ಕೆಲಸ ಮಾಡುತ್ತೆ, ಆಮೇಲೆ ಮರಿ ತಿರುಗಿಯೂ ನೋಡಲ್ಲ. ಅದನ್ನು ಕೊನೆಗಿಟ್ಟುಕೊಳ್ಳಿ. ಮುಧೋಳಕ್ಕೆ ಸದ್ದಿಗಿಂತ ಅಲುಗಾಟ ಮುಖ್ಯ. ಕೋಲಿಗೆ ಬಟ್ಟೆ ಚೂರು ಕಟ್ಟಿ, ನಿಮ್ಮ ಬೆನ್ನ ಹಿಂದೆ ಒಬ್ಬರು ನೆಲದ ಮೇಲೆ ಎಳೆಯಲಿ. ಮರಿ ನೇರ ನಿಮ್ಮ ಕಡೆಗೇ ನುಗ್ಗುತ್ತೆ. ಹೆಸರು ಹಿಡಿದು ಮನೆಮಂದಿಯೆಲ್ಲ ಕೂಗಬೇಡಿ.

ನೀವು ನೆಲದ ಮೇಲೆ ಮಲಗಿ. ನಿಂತು ತೆಗೆದರೆ ದೊಡ್ಡ ತಲೆ, ಪುಟ್ಟ ಕಾಲು ಬರುತ್ತೆ ಅಷ್ಟೇ. ನಿಮ್ಮ ಮಸುಕಿಗೆ ಕಾರಣ ಶಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತೆ ಅನ್ನುವುದು. ಆಡುವಾಗ ಸೆಕೆಂಡಿನ 1/1000 ಭಾಗ, ಪೂರ್ತಿ ಓಟಕ್ಕೆ 1/2000 ಇಡಿ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) ಆಟೊದಲ್ಲಿರಲಿ, ಸ್ವಲ್ಪ ಕಾಳು ಕಾಳಾಗಿ ಬಂದರೆ ಪರವಾಗಿಲ್ಲ. ಫೋಕಸ್ ಮರಿಯ ಹಿಂದೆಯೇ ಓಡುವ ಮೋಡ್‌ಗೆ ಹಾಕಿ, ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್ ಒತ್ತಿ ಹಿಡಿಯಿರಿ. ಫೋನ್ ಆದರೆ ಒಳ್ಳೆ ಬೆಳಕು ಬಂದ ಮೇಲೇ ಶುರು ಮಾಡಿ.

ಮರಿ ಪದೇ ಪದೇ ತುಟಿ ನೆಕ್ಕಿದರೆ, ಆಕಳಿಸಿದರೆ, ಕಣ್ಣಂಚಲ್ಲಿ ಬಿಳಿ ಕಂಡರೆ ಕ್ಯಾಮೆರಾ ಕೆಳಗಿಡಿ. ಅದಕ್ಕೆ ಸಾಕಾಗಿದೆ. ‘ಇನ್ನೊಂದೇ ಒಂದು’ ಅಂತ ಎಳೆದರೆ ನಾಳೆ ಕ್ಯಾಮೆರಾ ಕಂಡರೇ ಮಂಚದಡಿ ಸೇರುತ್ತೆ.

ಪ್ರಶ್ನೆ: ಫ್ಲ್ಯಾಶ್ ಹಾಕಿದರೆ ಮರಿಯ ಕಣ್ಣು ಹೋಗುತ್ತಾ?

ಹೋಗಲ್ಲ. ಆದರೆ ಮರಿ ಬೆಚ್ಚುತ್ತೆ, ಕಣ್ಣು ಹಸಿರಾಗಿ ಹೊಳೆಯುತ್ತೆ. ಬೇಡ.

ಪ್ರಶ್ನೆ: ಹುಟ್ಟುಹಬ್ಬದ ಫೋಟೊಗೆ ಚಾಕೊಲೇಟ್ ಕೇಕ್ ಸ್ವಲ್ಪ ನೆಕ್ಕಿಸಬಹುದಾ?

ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿಯೂ ಅಷ್ಟೇ. ಇಷ್ಟರಲ್ಲಿ ನೆಕ್ಕಿಸಿದ್ದರೆ ಈಗಲೇ ಪಶುವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಕರಿ ಲ್ಯಾಬ್ರಡಾರ್ ಮುಖ ಫೋಟೊದಲ್ಲಿ ಕಾಣೋದೇ ಇಲ್ಲ, ಯಾಕೆ?

ಬಿಸಿಲಲ್ಲಿ ತೆಗೆಯುತ್ತಿದ್ದೀರಿ. ನೆರಳಿಗೆ ಕರೆದುಕೊಂಡು ಬನ್ನಿ, ಮುಖ ಬೆಳಕಿನ ಕಡೆಗಿರಲಿ.

ಪ್ರಶ್ನೆ: ಯಾವ ಕ್ಯಾಮೆರಾ ಕೊಳ್ಳಲಿ?

ಸದ್ಯಕ್ಕೆ ಯಾವುದೂ ಬೇಡ. ಮೇಲಿನದನ್ನೆಲ್ಲ ಕೈಲಿರುವ ಫೋನಿನಲ್ಲೇ ಒಂದು ತಿಂಗಳು ಮಾಡಿ, ಆಮೇಲೆ ಕೇಳಿ.