ಪ್ರಾಯದ ಮಗನನ್ನು ಕಳೆದುಕೊಂಡ ಅಕ್ಕ-ಭಾವನಿಗೆ ನಾನೇನು ಮಾಡಬಹುದು?

ನೀವು ಬರೆದಿರುವುದು ಇಷ್ಟು: ಡೊಂಬಿವಲಿಯಲ್ಲಿರುವ ನಿಮ್ಮ ಅಕ್ಕನ ಮಗ, 29 ವರ್ಷ, ಮದುವೆಯಾಗಿರಲಿಲ್ಲ, ಪುಣೆಯಲ್ಲಿ ಕೆಲಸ, ಶನಿವಾರ ಶನಿವಾರ ಮನೆಗೆ ಬರುತ್ತಿದ್ದ. ಎರಡು ತಿಂಗಳ ಹಿಂದೆ ಪುಣೆಯಲ್ಲೇ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ. ಅಕ್ಕ ಸರಿಯಾಗಿ ಉಣ್ಣುತ್ತಿಲ್ಲ. ಭಾವ ಹದಿನಾಲ್ಕನೇ ದಿನಕ್ಕೇ ಡ್ಯೂಟಿಗೆ ಹೋದರು. ಮನೆಯಲ್ಲಿ ಅವನ ಹೆಸರೇ ಬರುವುದಿಲ್ಲ. ಇಬ್ಬರನ್ನೂ ಇದರಿಂದ ಹೊರಗೆ ತರುವುದು ಹೇಗೆ, ಎಷ್ಟು ದಿನ ಹೋಗಿ ಬರುತ್ತಿರಬೇಕು ಎಂದು ಠಾಣೆಯಿಂದ ಕೇಳಿದ್ದೀರಿ.

ಹೊರಗೆ ತರಲು ಹೋಗಬೇಡಿ. ಬೆಳೆದು ನಿಂತ ಮಗ ಹೋದ ದುಃಖದಿಂದ ಯಾರೂ ಯಾರನ್ನೂ ಎಳೆದು ತರಲಾರರು. ನಿಮ್ಮ ಕೈಲಾಗುವುದು ಬೇರೆ ಇದೆ: ‘ಮಗ ಇಲ್ಲ’ ಎಂದು ಆ ತಾಯಿ ಹತ್ತು ಕೌಂಟರಿನಲ್ಲಿ ಹೇಳಬೇಕಾಗಿ ಬರುವುದನ್ನು ತಪ್ಪಿಸಬಹುದು, ಅವನ ಹೆಸರು ಮನೆಯಲ್ಲಿ ಉಳಿಯುವಂತೆ ನೋಡಿಕೊಳ್ಳಬಹುದು.

ಮೊದಲು ದೇಹ. ‘ಉಣ್ಣು ಅಕ್ಕಾ’ ಎಂದು ತುಂಬಿದ ತಟ್ಟೆ ಇಟ್ಟರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅರ್ಧ ಬಟ್ಟಲು ಗಂಜಿ, ಉಪ್ಪು, ಒಂದು ಚೂರು ಉಪ್ಪಿನಕಾಯಿ. ಮೂರು ಗಂಟೆಗೊಮ್ಮೆ, ಜೊತೆಗೆ ನೀವೂ ಕೂತು. ಅಕ್ಕನಿಗೆ ಸಕ್ಕರೆ ಕಾಯಿಲೆಯಿದ್ದು, ಅದರ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು, ಮನೆಯವರು ಅದನ್ನು ‘ದುಃಖಕ್ಕೆ ಸುಸ್ತು’ ಎಂದುಕೊಂಡು ಸುಮ್ಮನಿರುತ್ತಾರೆ. ಏಳು ದಿನದ ಖಾನೆಯಿರುವ ಮಾತ್ರೆ ಡಬ್ಬ ತಂದು ನೀವೇ ತುಂಬಿಸಿಡಿ. ಖಾಲಿಯಾದ ಖಾನೆ ನೋಡಿದರೆ ತಿಳಿಯುತ್ತದೆ. ಎದೆನೋವು, ಉಸಿರಾಟದ ತೊಂದರೆ ಎಂದರೆ ಆ ಕ್ಷಣವೇ ಇಸಿಜಿ. ತೀವ್ರ ದುಃಖದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವ ‘ತಾಕೊತ್ಸುಬೊ’ ಎಂಬ ಕಾಯಿಲೆಯೇ ಇದೆ; ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿದ್ದು, ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಕಾಣುತ್ತದೆ. ಇನ್ನು, ಪಕ್ಕದ ಮನೆಯವರು ಕೊಡುವ ನಿದ್ದೆ ಮಾತ್ರೆ ಬೇಡವೇ ಬೇಡ. ಅಲ್ಪ್ರಜೋಲಾಂ ಜಾತಿಯವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡುತ್ತವೆ.

ಭಾವ ಡ್ಯೂಟಿಗೆ ಹೋದದ್ದನ್ನು ಕಲ್ಲೆದೆ ಎಂದು ಯಾರಾದರೂ ಆಡಿದ್ದರೆ, ಆ ಮಾತು ಅಕ್ಕನ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ನೆದರ್‌ಲ್ಯಾಂಡ್ಸ್‌ನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶಟ್ 1999ರಲ್ಲಿ ಬರೆದ ಪ್ರಕಾರ, ಶೋಕದಲ್ಲಿರುವವರು ನೋವಿನ ಕಡೆಗೂ ಬದುಕಿನ ಕೆಲಸಗಳ ಕಡೆಗೂ ಜೋಕಾಲಿಯಂತೆ ಹೋಗಿ ಬರುತ್ತಿರುತ್ತಾರೆ, ಹಾಗೆ ಹೋಗಿ ಬರುವುದೇ ಆರೋಗ್ಯ. ಗಂಡ-ಹೆಂಡತಿಯ ಜೋಕಾಲಿ ಒಂದೇ ಸಮಯಕ್ಕೆ ಒಂದೇ ಕಡೆ ಇರುವುದಿಲ್ಲ, ಕಷ್ಟ ಇರುವುದು ಅಲ್ಲಿ. ಅಕ್ಕ ಅಳುವ ಹೊತ್ತಿಗೆ ಭಾವ ಲೈಟ್ ಬಿಲ್ ಹಿಡಿದಿರುತ್ತಾರೆ. ಒಂದು ಹಾಲ್, ಒಂದು ಕೋಣೆಯ ಮನೆಯಲ್ಲಿ ಒಬ್ಬರೇ ಕೂತು ಅಳಲು ಜಾಗವೂ ಇಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಒಬ್ಬರನ್ನು ಹೊರಗೆ ಕರೆದುಕೊಂಡು ಹೋಗಿ, ಇನ್ನೊಬ್ಬರಿಗೆ ಮನೆ ಬಿಟ್ಟುಕೊಡಿ. ಮುಂದಿನ ವಾರ ಅದಲುಬದಲು.

ಬಂದವರೆಲ್ಲ ‘ಋಣ ಅಷ್ಟೇ ಇತ್ತು’, ‘ಪುತ್ರಶೋಕಂ ನಿರಂತರಂ’ ಎನ್ನುತ್ತಾರೆ. ಎರಡನೆಯದು ನಿಜವೇ, ಆದರೆ ತಾಯಿಯ ಮುಂದೆ ಆಡುವ ಮಾತಲ್ಲ. ನೀವು ಅವನ ಹೆಸರು ಹಿಡಿದು ಮಾತಾಡಿ. ‘ಅವನಿಗೆ ನಿನ್ನ ನೀರ್‌ದೋಸೆಗೆ ಬೆಲ್ಲ-ಕಾಯಿಯೇ ಬೇಕಿತ್ತಲ್ಲ ಅಕ್ಕಾ’ ಎಂದರೆ ಅವಳು ಅಳಬಹುದು. ಅದನ್ನು ನೀವು ನೆನಪಿಸಿ ತರಿಸಿದ ಅಳು ಎಂದುಕೊಳ್ಳಬೇಡಿ, ಅವಳು ಮರೆತದ್ದೇ ಇಲ್ಲ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳು ‘ಮುಲಂ ಕಿತಿ?’ (ಮಕ್ಕಳೆಷ್ಟು?) ಎಂದು ಕೇಳುವ ದಿನ ಬಂದೇ ಬರುತ್ತದೆ. ಮೊದಲೇ ಎರಡು ಉತ್ತರ ಯೋಚಿಸಿಟ್ಟಿರಲಿ: ‘ಒಬ್ಬ ಮಗ’ ಎಂದಷ್ಟೇ ಹೇಳುವುದು, ಇಲ್ಲವೇ ‘ಒಬ್ಬ ಇದ್ದ, ಈಗಿಲ್ಲ’ ಎನ್ನುವುದು. ಎರಡೂ ಸುಳ್ಳಲ್ಲ.

ಅವನ ಫೋನಿನ ವಿಷಯ ಈ ವಾರವೇ ನೋಡಿ. ಸಿಮ್ ನಿಲ್ಲಿಸಬೇಡಿ, ಬ್ಯಾಂಕ್, ಪಿಎಫ್ ಓಟಿಪಿಗಳೆಲ್ಲ ಅದಕ್ಕೇ ಬರುತ್ತವೆ. ರೀಚಾರ್ಜ್ ನಿಂತು 90 ದಿನ ಬಳಕೆಯಿಲ್ಲದಿದ್ದರೆ ನಂಬರ್ ರದ್ದಾಗಿ ಮುಂದೆ ಬೇರೆಯವರಿಗೆ ಹೋಗುತ್ತದೆ. ಧ್ವನಿ ಕೇಳಬೇಕೆನಿಸಿ ಅಕ್ಕ ಡಯಲ್ ಮಾಡಿದಾಗ ಆ ಕಡೆ ಯಾರೋ ‘ಹಲೋ, ಕೌನ್?’ ಎಂದರೆ ಅವಳ ಗತಿ ಏನು? ವಾಟ್ಸ್ಆ್ಯಪ್ ಖಾತೆಯೂ ಸಾಮಾನ್ಯವಾಗಿ 120 ದಿನ ತೆರೆಯದಿದ್ದರೆ ಅಳಿಸಿಹೋಗುತ್ತದೆ. ಅಕ್ಕನ ಫೋನಿನಲ್ಲಿ ಅವನ ಚಾಟ್ ತೆರೆದು, ಮೂರು ಚುಕ್ಕೆ ಒತ್ತಿ, ‘ಎಕ್ಸ್‌ಪೋರ್ಟ್ ಚಾಟ್’ನಲ್ಲಿ ಮೀಡಿಯಾ ಸಮೇತ ಎಂಬುದನ್ನು ಆರಿಸಿ ನಿಮಗೇ ಮೇಲ್ ಮಾಡಿಕೊಳ್ಳಿ. ಹಳೆಯ ಮೀಡಿಯಾ ಪೂರ್ತಿ ಬರುವುದಿಲ್ಲ, ಹಾಗಾಗಿ ವಾಯ್ಸ್ ನೋಟುಗಳನ್ನು ಬೇರೆಯಾಗಿ ಪೆನ್‌ಡ್ರೈವ್‌ಗೆ ಇಳಿಸಿ, ಎರಡು ಪ್ರತಿ. ‘ಅಮ್ಮಾ, ಕಲ್ಯಾಣ್ ಬಂತು, ಅನ್ನಕ್ಕಿಡು’ ಎಂಬ ನಾಲ್ಕು ಸೆಕೆಂಡಿನ ತುಣುಕು ಇದ್ದರೆ ಅದಕ್ಕೆ ಬೆಲೆ ಕಟ್ಟಲಾಗದು. ಅವನ ಫೋನಿನ ಲಾಕ್ ಗೊತ್ತಿಲ್ಲದಿದ್ದರೆ ಊಹಿಸಿ ಊಹಿಸಿ ಒತ್ತಬೇಡಿ, ಪೂರ್ತಿ ಮುಚ್ಚಿಕೊಳ್ಳಬಹುದು.

ಪಿಜಿ ಕೋಣೆಯಿಂದ ಬಂದ ಬಟ್ಟೆಯನ್ನು ‘ಸಹಾಯ’ ಎಂದು ಒಗೆದುಬಿಡಬೇಡಿ. ಒಂದು ಅಂಗಿಯನ್ನಾದರೂ ಒಗೆಯದೆ ಜಿಪ್ ಲಾಕ್ ಚೀಲದಲ್ಲಿ ಗಾಳಿ ಹೊರಹಾಕಿ ಇಡಿ, ವಾಸನೆ ಬಹಳ ಕಾಲ ಉಳಿಯುತ್ತದೆ. ಪೊಲೀಸರು ಕೊಟ್ಟ ಹೆಲ್ಮೆಟ್, ವಾಚು ನಿಮ್ಮ ಹತ್ತಿರವೇ ಇರಲಿ, ಅಕ್ಕ-ಭಾವ ಕೇಳಿದಾಗ ಕೊಡಿ. ಕಪಾಟು ಖಾಲಿ ಮಾಡಲು ಗಡುವಿಲ್ಲ.

ಕಾಗದಪತ್ರವನ್ನು ಒಂದು ಫೈಲ್ ಮಾಡಿ ಭಾವನ ಕೈಗೆ ಕೊಡಿ, ಓಡಾಟ ನೀವು ಮಾಡಿ. ಸಾವಿನ ನೋಂದಣಿ ಸಾವು ಆದಲ್ಲೇ, ಅಂದರೆ ಪುಣೆಯ ಕಡೆಯೇ. ಆಸ್ಪತ್ರೆ ಪುಣೆ ಪಾಲಿಕೆಯದೋ ಪಿಂಪ್ರಿ-ಚಿಂಚವಾಡದ್ದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿ. ನಮ್ಮ ಕನ್ನಡದ ಮನೆಗಳಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ: ಇಲ್ಲಿನ ಶಾಲೆಯ ದಾಖಲೆಯಲ್ಲಿ ಹೆಸರು-ತಂದೆಯ ಹೆಸರು-ಅಡ್ಡಹೆಸರು, ಊರಿನ ಕಾಗದದಲ್ಲಿ ಬರೀ ಇನಿಷಿಯಲ್. ಅವನದ್ದಷ್ಟೇ ಅಲ್ಲ, ಅಕ್ಕನ ಹೆಸರೂ ಅವಳ ಆಧಾರ್‌ನಂತೆಯೇ ಇದೆಯೇ ನೋಡಿ. ಕಾರಣ, ಉಯಿಲು ಬರೆಯದೆ ತೀರಿಕೊಂಡ ಅವಿವಾಹಿತ ಗಂಡಸಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲ ವರ್ಗದ ವಾರಸುದಾರಳು ತಾಯಿ, ತಂದೆ ಎರಡನೇ ವರ್ಗ. ಹೆಚ್ಚಿನ ಸಹಿಗಳು ಅವಳವೇ ಬೇಕಾಗಬಹುದು, ಒಂದೇ ಬೆಳಿಗ್ಗೆ ಮುಗಿಯುವಂತೆ ಜೋಡಿಸಿ. ಕಂಪನಿಯ ಎಚ್‌ಆರ್‌ಗೆ ಒಂದೇ ಮೇಲ್‌ನಲ್ಲಿ ಪಿಎಫ್, ಪಿಎಫ್ ಜೊತೆಗಿನ ಇಡಿಎಲ್‌ಐ ವಿಮೆ (ಗರಿಷ್ಠ 7 ಲಕ್ಷ), ಗ್ರೂಪ್ ಇನ್ಶೂರೆನ್ಸ್, ಗ್ರ್ಯಾಚುಟಿ ಕೇಳಿ. ಸಾವಾದರೆ ಗ್ರ್ಯಾಚುಟಿಗೆ ಐದು ವರ್ಷದ ಷರತ್ತಿಲ್ಲ. ಅಪಘಾತ ಪರಿಹಾರದ ಅರ್ಜಿಗೆ ಕಾನೂನಿನಲ್ಲಿ ಆರು ತಿಂಗಳ ಗಡುವು ಸೇರಿಸಿದ್ದಾರೆ, ಎರಡು ಆಗಲೇ ಕಳೆದಿವೆ, ವಕೀಲರನ್ನು ಈಗಲೇ ಕಾಣಿ. ಪೋಸ್ಟ್‌ಮಾರ್ಟಂ ಫೋಟೋಗಳು ಆ ಫೈಲಿನಲ್ಲಿ ಬೇಡ. ಅವನ ಯುಪಿಐನಿಂದ ಹಣ ತೆಗೆಯಬೇಡಿ. ಪರ್ಸನಲ್ ಲೋನ್ ಇದ್ದು ರಿಕವರಿಯವರು ಅಕ್ಕನಿಗೆ ಫೋನ್ ಮಾಡಿದರೆ, ಜಾಮೀನು ಅಥವಾ ಜಂಟಿ ಸಹಿ ಹಾಕದ ತಂದೆತಾಯಿ ಕೈಯಿಂದ ಕಟ್ಟಬೇಕಿಲ್ಲ, ಅವನು ಬಿಟ್ಟುಹೋದ ಆಸ್ತಿಯಷ್ಟಕ್ಕೇ ಆ ಸಾಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ವೈದ್ಯರು ಬೇಕಾಗುವುದು ಯಾವಾಗ? ಎರಡು ತಿಂಗಳಿಗೆ ಈ ಸ್ಥಿತಿ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ ಆರು ತಿಂಗಳು, ಅಮೆರಿಕದ ಮನೋವೈದ್ಯರ ಪಟ್ಟಿ ಒಂದು ವರ್ಷ ಆದ ಮೇಲೂ ದಿನದ ಬದುಕೇ ನಡೆಯದಿದ್ದರೆ ಮಾತ್ರ ‘ದೀರ್ಘಕಾಲದ ಶೋಕ’ ಎಂದು ಗುರುತಿಸುತ್ತದೆ. ಆದರೆ ‘ನಾನೂ ಅವನ ಹತ್ತಿರ ಹೋಗ್ತೇನೆ’ ಎಂಬ ಮಾತು ಬಂದರೆ ತಿಂಗಳು ಎಣಿಸಬೇಡಿ. ‘ಸಾಯುವ ಯೋಚನೆ ಬರ್ತಿದೆಯಾ ಅಕ್ಕಾ, ಹೇಗೆ ಅಂತಲೂ ಯೋಚಿಸಿದ್ದೀಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾತ್ರೆ ಕೂಡಿಡುವುದು, ಒಡವೆ ಹಂಚುವುದು ಕಂಡರೆ ಒಬ್ಬಳನ್ನೇ ಬಿಡದೆ ಅದೇ ದಿನ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಭಾವನಿಗೂ ಇದೇ ಪ್ರಶ್ನೆ ಕೇಳಿ, ಗಂಡಸರನ್ನು ಯಾರೂ ಕೇಳುವುದಿಲ್ಲ.

ಎಷ್ಟು ದಿನ ಹೋಗಬೇಕು ಎಂದಿರಿ. ಜನ ಬರುವುದು ನಿಲ್ಲುವ ಮೂರನೇ ತಿಂಗಳಿನಿಂದ ವರ್ಷಾಂತಿಕದವರೆಗಂತೂ ತಪ್ಪಿಸಬೇಡಿ. ಅವನ ಹುಟ್ಟುಹಬ್ಬ ಬಂದರೆ ಹದಿನೈದು ದಿನ ಮೊದಲೇ ‘ಅವತ್ತು ಏನು ಮಾಡೋಣ’ ಎಂದು ಕೇಳಿಡಿ. ವಾರದಲ್ಲಿ ಒಂದೇ ದಿನ ಸಾಧ್ಯವಾದರೆ ಭಾನುವಾರ ಬೇಡ, ಶನಿವಾರ ಸಂಜೆ ಹೋಗಿ. ಅವನು ಬಂದು ಬೆಲ್ ಒತ್ತುತ್ತಿದ್ದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ನೀವು ಒಳಗಿರಿ.