ಯಾವ ಉಡುಪಿಗೆ ಯಾವ ಹೀಲ್ಸ್? ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಅಕ್ಕಾ, ಮುಂದಿನ ತಿಂಗಳು ಅಣ್ಣನ ಮದುವೆ. ಬೆಳಗ್ಗೆ ಕಲ್ಯಾಣ ಮಂಟಪದಲ್ಲಿ ಅಕ್ಕಿಕಾಳು, ಸಂಜೆ ಲಾನ್‌ನಲ್ಲಿ ರಿಸೆಪ್ಷನ್. ಬೆಳಗ್ಗೆ ಕಸೂತಿ ಹಾಕಿಸಿದ ಕಡುಹಸಿರು ಇಳಕಲ್ ಸೀರೆ, ಸಂಜೆ ನೆಟ್ ಲೆಹೆಂಗಾ. ಎರಡಕ್ಕೂ ಆಗಲಿ ಅಂತ ಬಂಗಾರದ ಬಣ್ಣದ ನಾಲ್ಕು ಇಂಚಿನ ಪೆನ್ಸಿಲ್ ಹೀಲ್ಸ್ ತಗೊಂಡಿದ್ದೇನೆ. ಅವ್ವ "ಇಳಕಲ್ ಸೀರಿಗೆ ಕೊಲ್ಹಾಪುರಿನ ಚಂದ, ಆ ಕಡ್ಡಿ ಯಾಕವ್ವಾ" ಅಂತಾಳೆ. ಯಾರ ಮಾತು ಕೇಳಲಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೆಳಗ್ಗೆ ಅವ್ವನ ಮಾತೇ ಕೇಳಿ. ಅಂದದ ಮಾತು ಆಮೇಲೆ, ಮೊದಲು ಲೆಕ್ಕ ನೋಡಿ. ನಮ್ಮ ಮದುವೆಗಳಲ್ಲಿ ಬೆಳಗ್ಗೆ ಹೊತ್ತು ಚಪ್ಪಲಿ ಕಾಲಲ್ಲಿ ಇರುವುದೇ ಕಡಿಮೆ ಅಲ್ವಾ? ಅಕ್ಕಿಕಾಳು ಹಾಕುವಾಗ ಬಿಡಬೇಕು, ಹಿರಿಯರಿಗೆ ನಮಸ್ಕಾರ ಮಾಡುವಾಗ ಬಿಡಬೇಕು, ಊಟಕ್ಕೆ ಕೂತಾಗಲೂ ಬಿಡಬೇಕು. ನಾಲ್ಕು ಇಂಚಿನ ಹೀಲ್ಸ್ ಹಾಕಿಕೊಂಡು ಅದರ ಎತ್ತರಕ್ಕೆ ಸರಿಯಾಗಿ ನೆರಿಗೆ ಹಿಡಿದು ಪಿನ್ ಮಾಡಿರುತ್ತೀರಿ, ಹೀಲ್ಸ್ ಬಿಟ್ಟ ಕೂಡಲೇ ಅದೇ ಸೀರೆ ನೆಲ ಗುಡಿಸುತ್ತದೆ. ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತುವುದು ಯಾರಿಗೆ ಬೇಕು? ಬೆಳಗ್ಗೆಗೆ ಹೀಲ್ ಬೇಕೇ ಬೇಕು ಅಂದರೆ ಒಂದೂವರೆ ಇಂಚು ಸಾಕು. ಅದನ್ನು ಕಾಲಿಗೆ ಹಾಕಿಕೊಂಡೇ ಸೀರೆ ಉಡಿ, ಬಿಟ್ಟಾಗಲೂ ಅಷ್ಟೇನೂ ತ್ರಾಸಾಗಲ್ಲ.

ಇನ್ನೊಂದು ಮಾತು. ಪಟ್ಟಿಗೆ ಕಲ್ಲು, ಮಣಿ ಅಂಟಿಸಿದ ಹೀಲ್ಸ್ ಇಳಕಲ್ ಸೀರೆಗೆ ಬೇಡವೇ ಬೇಡ. ಬಗ್ಗಿ ಏಳುವಾಗ ಆ ಕಲ್ಲು ಅಂಚಿನ ಎಳೆಗೆ ಸಿಕ್ಕಿಕೊಳ್ಳುತ್ತದೆ. ಕಸೂತಿ ಅಂದರೆ ಎಳೆ ಎಣಿಸಿ, ಹಿಂದೆ ಗಂಟು ಕಾಣದಂತೆ ಹಾಕುವ ಕೆಲಸ, ಒಂದು ಎಳೆ ಜಗ್ಗಿದರೆ ಪಕ್ಕದ ಗೋಪುರದ ಚಿತ್ತಾರವೂ ಸೊಟ್ಟಗಾಗುತ್ತದೆ. ಬಣ್ಣದ ವಿಷಯದಲ್ಲೂ ಬಂಗಾರದ ಬೆನ್ನು ಹತ್ತಬೇಡಿ. ಇಳಕಲ್ ಸೀರೆಯ ಕೆಂಪು ಸೆರಗೇ ಎಲ್ಲರ ಕಣ್ಣು ಎಳೆಯುತ್ತದೆ, ಕಾಲಿಗೆ ಕಂದು ಅಥವಾ ಕಡುಗೆಂಪು ಇದ್ದರೆ ಸಾಕು. ಅಂದಹಾಗೆ, ಕೊಲ್ಹಾಪುರಿಯನ್ನು ಹಳೆ ಕಾಲದ್ದು ಅಂತ ಮೂಗು ಮುರಿಯಬೇಡಿ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ ಟ್ಯಾಗ್‌ನಲ್ಲಿ (ಇಂಥ ಸೀಮೆಯ ವಿಶೇಷ ವಸ್ತು ಅಂತ ಸರ್ಕಾರ ಕೊಡುವ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಕಡೆಯ ನಾಲ್ಕು ಜಿಲ್ಲೆಗಳೂ ಇವೆ, ಧಾರವಾಡವೂ ಅದರಲ್ಲಿ ಒಂದು. ಅವ್ವ ಹೇಳುತ್ತಿರುವುದು ನಮ್ಮೂರ ಚಪ್ಪಲಿಯನ್ನೇ.

ಸಂಜೆಗೆ ಬರೋಣ. ಲಾನ್ ಅಂದ ಮೇಲೆ ಪೆನ್ಸಿಲ್ ಹೀಲ್ಸ್ ಸುಮ್ನೆ ದಂಡ. ಮಧ್ಯಾಹ್ನ ಹುಲ್ಲಿಗೆ ನೀರು ಬಿಟ್ಟಿದ್ದರಂತೂ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಕೆಳಗಿಳಿಯುತ್ತದೆ, ಎಲ್ಲ ಫೋಟೋದಲ್ಲೂ ಹಿಂದಕ್ಕೆ ವಾಲಿದಂತೆ ಕಾಣುತ್ತೀರಿ. ಬಿಲ್ ಇದ್ದರೆ ಆ ಜೋಡನ್ನು ವಾಪಸ್ ಕೊಟ್ಟು ಬ್ಲಾಕ್ ಹೀಲ್ಸ್, ಅಂದರೆ ದಪ್ಪ ಹಿಮ್ಮಡಿಯವು, ತನ್ನಿ, ಮೂರು ಇಂಚು ಧಾರಾಳ. ಲೆಹೆಂಗಾದ ಉದ್ದ ಅಳೆಸುವಾಗ ಅದೇ ಹೀಲ್ಸ್ ಹಾಕಿಕೊಂಡು ಟೇಲರ್ ಮುಂದೆ ನಿಲ್ಲಿ. ಚಪ್ಪಲಿ ಮೊದಲು, ಹೊಲಿಗೆ ಆಮೇಲೆ. ನಮ್ಮಲ್ಲಿ ಬಹಳ ಜನ ಇದನ್ನೇ ಉಲ್ಟಾ ಮಾಡುತ್ತಾರೆ.

ಪ್ರಶ್ನೆ: ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಜೀನ್ಸ್, ಕುರ್ತಾ ಜಾಸ್ತಿ ಹಾಕುತ್ತೇನೆ. ಐದು ಇಂಚಿನ ಹೀಲ್ಸ್ ಹಾಕಿದರೂ ಗಿಡ್ಡ ಕಾಣುತ್ತೇನೆ ಅಂತ ಗೆಳತಿಯರು ಕಾಡಿಸುತ್ತಾರೆ.
– ಹೆಸರು ಬೇಡ, ಗದಗ

ಉತ್ತರ: ನಿಮ್ಮ ಹೀಲ್ಸ್‌ಗೆ ಕಣಕಾಲಿನ ಸುತ್ತ ಅಗಲವಾದ ಪಟ್ಟಿ ಇದೆಯಾ? ಇದ್ದರೆ ತಪ್ಪು ಅದರದ್ದೇ. ಪ್ಯಾಂಟ್ ಅಂಚು ಒಂದು ಗೆರೆ, ಪಟ್ಟಿ ಇನ್ನೊಂದು ಗೆರೆ, ಕಾಲು ಎರಡು ಕಡೆ ತುಂಡಾದ ಹಾಗೆ ಕಾಣುತ್ತದೆ. ಆಂಕಲ್ ಲೆಂತ್ ಪ್ಯಾಂಟ್, ಮೇಲೆ ಮೊಣಕಾಲಿನ ಕೆಳಗೆ ನಿಲ್ಲುವ ಕುರ್ತಾ ಆದರಂತೂ ಕೇಳುವುದೇ ಬೇಡ, ಮೂರು ಕಡೆ ತುಂಡು. ಪಾದದ ಮೇಲ್ಭಾಗ ಕಾಣುವ, ಮುಂದೆ ಸ್ವಲ್ಪ ಚೂಪಾದ, ನಿಮ್ಮ ಮೈಬಣ್ಣಕ್ಕೆ ಹತ್ತಿರದ ಜೋಡು ಹಾಕಿ ನೋಡಿ. ಮೈಬಣ್ಣ ಅಂದರೆ ನಿಮ್ಮದು, ಅಂಗಡಿಯವರು 'ಸ್ಕಿನ್ ಕಲರ್' ಅಂತ ತೋರಿಸುವ ಬಿಳಿಚಿದ ಬಣ್ಣ ಅಲ್ಲ. ನಮ್ಮ ಕಡೆ ಬಹಳ ಜನರಿಗೆ ಕಂದು ಇಲ್ಲಾ ಜೇನುಬಣ್ಣ ಹೊಂದುತ್ತದೆ. ಎರಡೂವರೆ ಇಂಚಲ್ಲೇ ಐದು ಇಂಚಿಗಿಂತ ಉದ್ದ ಕಾಣುತ್ತೀರಿ. ಎತ್ತರ ಬೇಕೇ ಬೇಕಾ? ಮುಂದೆಯೂ ದಪ್ಪ ಅಟ್ಟೆ ಇರುವ ಪ್ಲಾಟ್‌ಫಾರ್ಮ್ ಹೀಲ್ಸ್ ತಗೊಳ್ಳಿ. ಹಿಂದೆ ನಾಲ್ಕು ಇಂಚು, ಮುಂದೆ ಒಂದು ಇಂಚು ಇದ್ದರೆ ಪಾದಕ್ಕೆ ಬೀಳುವ ಇಳಿಜಾರು ಮೂರೇ ಇಂಚಿನದು.

ಪ್ರಶ್ನೆ: ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಲ್ಲಿ ಓಡಾಟ, ಬಹಳ ಸಲ ನಿಂತೇ. ಕಾಲೇಜಲ್ಲಿ ಪಾಠ ಮಾಡುತ್ತೇನೆ, ಕಾಟನ್ ಸೀರೆ ಉಡುತ್ತೇನೆ. ಮಳೆಗಾಲಕ್ಕೂ ಆಗುವ ಹೀಲ್ಸ್ ಹೇಳಿ.
– ನವನಗರ, ಹುಬ್ಬಳ್ಳಿ

ಉತ್ತರ: ಎರಡು ಇಂಚಿನ ಬ್ಲಾಕ್ ಅಥವಾ ವೆಡ್ಜಸ್ (ಹಿಮ್ಮಡಿಯಿಂದ ಮುಂದಿನ ತನಕ ಒಂದೇ ಅಟ್ಟೆ ಇರುವವು), ಹಿಂದೆ ಪಟ್ಟಿ ಇರಲಿ, ಅಡಿಗೆ ಗೀರು ಗೀರಾದ ರಬ್ಬರ್ ಇರಲಿ. ಬಸ್ಸು ಬ್ರೇಕ್ ಹಾಕಿದಾಗ ಕಾಲು ಜಾರಿ ಹೊರಗೆ ಬರಬಾರದು. ಸೆಣಬು ಸುತ್ತಿದ ವೆಡ್ಜಸ್ ಕಾಟನ್ ಸೀರೆಗೆ ಚಂದವೇ, ಆದರೆ ಧಾರವಾಡದ ಜಿಟಿಜಿಟಿ ಮಳೆಗೆ ಅಲ್ಲ. ನೀರು ಕುಡಿದು ಉಬ್ಬುತ್ತದೆ, ಆಮೇಲೆ ವಾಸನೆ. ಮಖಮಲ್ಲಿನಂಥ ಮೆತ್ತನೆ ಚರ್ಮದ ಸ್ವೀಡ್ ಜೋಡು ಕೂಡ ದೀಪಾವಳಿ ತನಕ ಕಪಾಟಲ್ಲೇ ಇರಲಿ.

ಪ್ರಶ್ನೆ: ಹೆಂಡತಿ ಹೀಲ್ಸ್‌ಗೆ ಇಷ್ಟು ದುಡ್ಡು ಸುರಿಯುತ್ತಾಳೆ. ಹೆಂಗಸರು ಇದನ್ನು ಯಾಕಾದರೂ ಕಂಡುಹಿಡಿದರೋ?
– ಹಾವೇರಿಯ ಗಂಡ

ಉತ್ತರ: ಕಂಡುಹಿಡಿದವರು ಹೆಂಗಸರಲ್ಲ ಸ್ವಾಮಿ, ನಿಮ್ಮವರೇ. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ (ಜೀನಿನಿಂದ ಇಳಿಬಿದ್ದ, ಪಾದ ಇಡುವ ಬಳೆಯಲ್ಲಿ) ಕಾಲು ಗಟ್ಟಿಯಾಗಿ ನಿಲ್ಲಲಿ ಅಂತ ಹಿಮ್ಮಡಿ ಇದ್ದ ಜೋಡು ಹಾಕುತ್ತಿದ್ದರು. ಯುರೋಪಿನ ಶ್ರೀಮಂತ ಗಂಡಸರು ಅದನ್ನು ನೋಡಿ ಶೋಕಿಗೆ ಹಾಕಿಕೊಂಡರು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಕೆಂಪು ಹಿಮ್ಮಡಿಯ ಜೋಡು ಹಾಕಿ ಮೆರೆಯುತ್ತಿದ್ದ. ದುಡ್ಡಿನ ವಿಷಯಕ್ಕೆ ಬಂದರೆ, ಹಿಮ್ಮಡಿಯ ತುದಿಯ ರಬ್ಬರ್ ಸವೆದ ಕೂಡಲೇ ಚಪ್ಪಲಿ ರಿಪೇರಿಯವರ ಹತ್ತಿರ ಹಾಕಿಸಿಕೊಟ್ಟುಬಿಡಿ, ಟಕ್ ಟಕ್ ಸದ್ದಿನ ಬದಲು ಲೋಹದ ಸದ್ದು ಕೇಳಿದರೆ ಸವೆದಿದೆ ಅಂತಲೇ ಅರ್ಥ. ಹೊಸ ಜೋಡಿನ ಖರ್ಚು ಮುಂದಕ್ಕೆ ಹೋಗುತ್ತದೆ. ಮುಂದಿನ ಸಲ ಅಂಗಡಿಗೆ ಸಂಜೆ ಹೊತ್ತಿಗೆ ಕರೆದುಕೊಂಡು ಹೋಗಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಆಗ ಹಿಡಿಸಿದ್ದು ಯಾವಾಗಲೂ ಹಿಡಿಸುತ್ತದೆ. ಬಿಲ್ ನೀವೇ ಕೊಡಿ.