ಕಡಸು ಬೇರೆ, ಗಡಸು ಬೇರೆ

ಶಿರಸಿ ಕಡೆಯ ಓದುಗರೊಬ್ರು ಕಾಗದ ಬರ್ದಿದಾರೆ. ಮನೆ ಮುಂದೆ ‘ಗಬ್ಬದ ಕಡಸು ಮಾರಾಟಕ್ಕಿದೆ’ ಅಂತ ಬೋರ್ಡ್ ಹಾಕಿದ್ರಂತೆ, ಬೆಂಗ್ಳೂರಿಂದ ಬಂದ ಮಗ ಅದನ್ನ ನೋಡಿ ‘ಅಪ್ಪಾ, ಕಡಸು ಅಂದ್ರೆ ಕರು ತಾನೆ, ಕರು ಹೆಂಗೆ ಗಬ್ಬ ಆಗತ್ತೆ’ ಅಂತ ನಕ್ಕನಂತೆ. ಜೊತೆಗೆ ಇವ್ರದ್ದೇ ಒಂದು ಅನುಮಾನ, ಈ ಪದ ‘ಗಡಸು’ ಅನ್ನೋದ್ರಿಂದ ಬಂದಿರಬಹುದಾ, ಆ ವಯಸ್ಸಲ್ಲಿ ಮೈ ಗಟ್ಟಿ ಇರತ್ತಲ್ಲ ಅಂತ.

ಸ್ವಾಮಿ, ನಗೋದಿದ್ರೆ ನೀವು ನಗ್ಬೇಕಿತ್ತು. ಕಡಸು ಅನ್ನೋದು ವಯಸ್ಸಿನ ಲೆಕ್ಕ ಅಲ್ವೇ ಅಲ್ಲ, ಇನ್ನೂ ಈಯದೆ ಇರೋ ಹೆಣ್ಣು ಅಂತಷ್ಟೇ, ಹಸುವಾದ್ರೂ ಸರಿ ಎಮ್ಮೆಯಾದ್ರೂ ಸರಿ. ಹಾಲು ಬಿಟ್ಟು ಮೇಯೋಕೆ ಶುರು ಮಾಡಿದ್ಮೇಲೆ, ಬೆದೆಗೆ ಬಂದು ಗಬ್ಬ ಕಟ್ಟಿದ್ಮೇಲೂ ಅದು ಕಡಸೇ, ಕರು ನೆಲಕ್ಕೆ ಬಿದ್ದ ಗಳಿಗೆಯಿಂದ ಹಸು. ನಮ್ಮ ನಾಟಿ ದನಗಳು ಮೊದಲ ಕರು ಹಾಕೋಕೆ ಸಾಮಾನ್ಯವಾಗಿ 3ರಿಂದ 4 ವರ್ಷ ತಗೋತವೆ, ಅಷ್ಟು ಉದ್ದದ ಕಾಲಕ್ಕೆ ಒಂದು ಹೆಸರು ಬೇಡ್ವಾ? ಗೊಡ್ಡು ಅಂದ್ರೆ ಈಯೋದೇ ಇಲ್ಲ, ಕಡಸು ಅಂದ್ರೆ ಇನ್ನೂ ಈದಿಲ್ಲ, ಕೊಳ್ಳೋನಿಗೆ ಈ ಎರಡ್ರ ನಡುವೆ ದುಡ್ಡಿನ ವ್ಯತ್ಯಾಸ ಇದೆ.

ಇನ್ನು ಗಡಸು. ತುಳುವಲ್ಲಿ ಕಡಸನ್ನ ಗಡಸು ಅಂತಾನೇ ಅಂತಾರೆ, ಹಾಗಾಗಿ ನಿಮಗೆ ಅನುಮಾನ ಬಂದಿದ್ದು ತಪ್ಪಲ್ಲ. ಆದ್ರೆ ತಮಿಳು, ಮಲಯಾಳದ ‘ಕಿಡಾರಿ’ಯನ್ನ ಪಕ್ಕದಲ್ಲಿಟ್ಟು ನೋಡಿ, ಅದೂ ಈಯದ ಹಸುವೇ, ತಮಿಳಲ್ಲಿ ‘ಕಡಾರಿ’ ಅಂತಲೂ ಉಂಟು. ಎಲ್ಲಾ ಒಂದೇ ಬಳ್ಳಿಯ ಕಾಯಿ, ಗಟ್ಟಿತನಕ್ಕೂ ಇದಕ್ಕೂ ಸಂಬಂಧ ಕಾಣಲ್ಲ. ಕರುವಿನ ಬಳ್ಳಿ ಬೇರೆ: ತಮಿಳಿನ ‘ಕನ್ರು’, ತುಳುವಿನ ‘ಕಂಜಿ’, ನಮ್ಮ ಹಳಗನ್ನಡದ ‘ಕಱು’. ತಮಿಳರು ಬಾಳೆ ಬುಡದಲ್ಲಿ ಏಳೋ ಮರಿಗೂ ಕನ್ರು ಅಂತಾರೆ, ನಾವು ಬಾಳೆಕಂದು ಅಂತೀವಿ, ತೊಟ್ಟಿಲಲ್ಲಿ ಇರೋದಕ್ಕೆ ಕಂದ. ಕೊಟ್ಟಿಗೆ, ತೋಟ, ತೊಟ್ಟಿಲು ಮೂರಕ್ಕೂ ಒಂದೇ ಪದ ಸಾಕಾಗಿತ್ತು ನಮ್ಮ ಹಿರೀಕರಿಗೆ. (ಸಂಸ್ಕೃತದ ವಾತ್ಸಲ್ಯವೂ ಕರುವಿಂದಲೇ ಹುಟ್ಟಿದ್ದು, ವತ್ಸ ಅಂದ್ರೆ ಕರು.)

ನಿಮ್ಮ ಕಡಸಿಗೆ ಬೇರೆ ಕಡೆ ಮಣಕ ಅಂತಾರೆ, ಪಡ್ಡೆ ಅಂತಾರೆ. ಮಣಕ ಜಾಸ್ತಿ ಎಮ್ಮೆಗೆ. ಪಡ್ಡೆ ಕಥೆ ಮಾತ್ರ ಮಜಾ ಇದೆ, ತೆಲುಗಲ್ಲೂ ‘ಪಡ್ಡ’ ಅಂದ್ರೆ ಈಯದ ಹೆಣ್ಣೇ, ನಮ್ಮ ಪೇಟೆ ಮಂದಿ ಮಾತ್ರ ಅದನ್ನ ಒಯ್ದು ಬಸ್ ಸ್ಟ್ಯಾಂಡಲ್ಲಿ ನಿಂತ ಗಂಡು ಹುಡುಗ್ರಿಗೆ ಅಂಟಿಸಿದಾರೆ. ಪಡ್ಡೆ ಹುಡುಗ ಅನ್ನಿಸ್ಕೊಂಡೋನು ಕೊಟ್ಟಿಗೆ ಅರ್ಥ ಕೇಳಿದ್ರೆ ಏನಂತಾನೋ! ನಿಮ್ಮ ಮಗನ ಮೇಲೆ ಒಂದ್ಸಲ ಪ್ರಯೋಗ ಮಾಡಿ ನೋಡಿ.

ಬೋರ್ಡಲ್ಲಿ ಕೊರತೆ ಒಂದೇ, ಹಲ್ಲು ಬರ್ದಿಲ್ಲ ನೀವು. ಜಾತ್ರೇಲಿ ದನ ನೋಡೋನು ವಯಸ್ಸು ತಿಳಿಯೋಕೆ ಮೊದಲು ಬಾಯಿ ಬಿಡಿಸ್ತಾನೆ, ಹಾಲುಹಲ್ಲಾ ಎರಡು ಹಲ್ಲಾ ನಾಲ್ಕು ಹಲ್ಲಾ ಅಂತ, ಆಮೇಲೇ ರೇಟು. ಎಷ್ಟು ತಿಂಗಳ ಗಬ್ಬ ಅಂತಲೂ ಸೇರಿಸಿ, ಕೇಳೋರು ಬೇಗ ಬರ್ತಾರೆ. ಅಷ್ಟರೊಳಗೆ ಅದು ಈದು ಬಿಟ್ರೆ ‘ಕಡಸು’ ಅಳಿಸಿ ‘ಚೊಚ್ಚಲು ಹಸು’ ಅಂತ ಬರೀರಿ, ರೇಟೂ ತಿದ್ದಿ.